ಮಂಗಳಕ್ಕ ಎಲ್ಲಿಗೂ ಹೋಗಲ್ಲ

ಚಳ್ಳಕೆರೆಯ ಸರ್ವಮಂಗಳ ಕಾಂಪ್ಲೆಕ್ಸಿಗೆ ಮೂರು ಮಹಡಿ, ಒಂದು ಲಿಫ್ಟು. ಲಿಫ್ಟಿನೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಬೊಮ್ಮಲಿಂಗಪ್ಪ. ಗುಂಡಿ ಒತ್ತುವುದು ಯಾರಿಗಾದರೂ ಬರುವ ಕೆಲಸ, ಅದಕ್ಕೆಂದೇ ಒಬ್ಬ ಮನುಷ್ಯನನ್ನು ಕೂರಿಸಿರುವುದೇಕೆ ಎಂದು ಹೊಸಬರು ಕೇಳುವುದುಂಟು. ಹಳಬರು ಕೇಳುವುದಿಲ್ಲ. ಮೇಲೆ ಕೆಲಸವಿಲ್ಲದಿದ್ದರೂ ಒಮ್ಮೆ ಹೋಗಿ ಇಳಿದು ಬರುತ್ತಾರೆ, ಬೊಮ್ಮಲಿಂಗಪ್ಪ ಇವತ್ತು ಏನು ಹೇಳುತ್ತಾನೆಂದು ತಿಳಿಯುವುದಕ್ಕೆ.

ಅವನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಗುಡ್ಡದ ಮೇಲಿನ ಕರೆಂಟು ಮಾಡುವ ಗಾಳಿ ಪಂಖಗಳು ಮೋಡಗಳನ್ನು ಆಂಧ್ರದ ಕಡೆಗೆ ತಳ್ಳುತ್ತವೆ ಎನ್ನುತ್ತಿದ್ದ. ನಾಯಕನಹಟ್ಟಿ ಕಡೆಯ ಹುಲ್ಲುಗಾವಲಿಗೆ ವಿಜ್ಞಾನ ಸಂಸ್ಥೆಗಳವರು ಗೋಡೆ ಕಟ್ಟಿಸಿದ್ದರ ಬಗ್ಗೆ ಯಾರಾದರೂ ಮಾತೆತ್ತಿದರೆ, "ದನ ಒಳಕ್ಕೆ ಹೋಗಬಾರ್ದು ಅಂತ ಕಟ್ಟಿದ್ದಲ್ಲಪ್ಪಾ ಅದು, ವಿಜ್ಞಾನ ಹೊರಕ್ಕೆ ಬರಬಾರ್ದು ಅಂತ," ಎನ್ನುತ್ತಿದ್ದ. ಅವನಿಗೆ ಅತ್ಯಂತ ಪ್ರಿಯವಾದ ಅಭಿಪ್ರಾಯಗಳು ಮಾತ್ರ ಒಂದೇ ಬೇರಿನವು. ಟವರ್ ಬಂದು ಗುಬ್ಬಿಗಳು ನಾಶವಾದವು. ಮೊಬೈಲ್ ಬಂದು ಜನರ ಗಂಟಲು ಒಣಗಿತು, ಮನೆಯೊಳಗೂ ಈಗ ಬರೀ ತುಟಿ ಅಲ್ಲಾಡಿಸುತ್ತಾರೆ. ಈಗಿನ ಕುಕ್ಕರುಗಳಿಗೆ ಕಂಪನಿಯವರು ಸೀಟಿಯನ್ನೇ ಸರಿಯಾಗಿ ಇಡುವುದಿಲ್ಲ. ಒಟ್ಟಿನಲ್ಲಿ ವಿಜ್ಞಾನ ಮುಂದುವರಿದಷ್ಟೂ ಲೋಕ ಮೂಕವಾಗುತ್ತಿದೆ ಎಂಬುದು ಅವನ ತೀರ್ಮಾನ.

ಈ ತೀರ್ಮಾನದ ಹಿಂದಿನ ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಬೊಮ್ಮಲಿಂಗಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ಅವನು ನನ್ನಿವಾಳವೆಂಬ ಹಳ್ಳಿಯಿಂದ ಹುಡುಗನಾಗಿ ಬಂದು ಸೇರಿದ್ದು ಇದೇ ಜಾಗದಲ್ಲಿದ್ದ ಜಂಬುಲಿಂಗಪ್ಪನವರ ಎಣ್ಣೆ ಮಿಲ್ಲಿಗೆ. ಶೇಂಗಾ ಒಡೆಯುವ ಮಿಷನ್ನು, ಅದರ ಪಕ್ಕಕ್ಕೆ ಎಣ್ಣೆ ಹಿಂಡುವ ಮಿಷನ್ನು, ಎರಡರ ನಡುವೆ ಅಗಲವಾದ ಬೆಲ್ಟು. ಅಲ್ಲಿ ಬಾಯಿಂದ ಆಡಿದ ಮಾತು ಆಡಿದವನಿಗೇ ಕೇಳುತ್ತಿರಲಿಲ್ಲ. ಆದ್ದರಿಂದ ಕೆಲಸಗಾರರು ಕೈಯಲ್ಲೇ ಮಾತನಾಡುತ್ತಿದ್ದರು. ಅಂಗೈ ತಿರುಗಿಸಿದರೆ ಬೆಲ್ಟು ಹಾಕು. ಗಲ್ಲಕ್ಕೆ ಎರಡು ಬೆರಳು ತಾಗಿಸಿದರೆ ಚಹಾ. ಇಲ್ಲದ ಮೀಸೆ ತಿರುವಿದರೆ ಸಾವ್ಕಾರ್ರು ಬರುತ್ತಿದ್ದಾರೆ. ಮುಷ್ಟಿ ಬಿಗಿದು ತಲೆಯ ಮೇಲೆ ಎತ್ತಿದರೆ ನಿಲ್ಲಿಸು. ಮುಷ್ಟಿಗೆ ಮಾತ್ರ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅದನ್ನು ಕಂಡವರು ಯಾರೇ ಆಗಿರಲಿ, ಏಕೆ ಎಂದು ಕೇಳದೆ ಮಿಷನ್ ನಿಲ್ಲಿಸಬೇಕು. ಕಾರಣ ಆಮೇಲೆ.

ಮಿಲ್ಲು ಮುಚ್ಚಿ ಅದೇ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಿತು. ಜಂಬುಲಿಂಗಪ್ಪನವರು ತಮ್ಮ ಹೆಂಡತಿ ಸರ್ವಮಂಗಳಮ್ಮನವರ ಹೆಸರನ್ನೇ ಅದಕ್ಕೆ ಇಟ್ಟರು. ಊರಿಗೆಲ್ಲ ಆಕೆ ಮಂಗಳಕ್ಕ. ಹಳೆಯ ಕೆಲಸಗಾರರಲ್ಲಿ ಇಬ್ಬರನ್ನು ಉಳಿಸಿಕೊಂಡರು. ಕಾಳು ಆರಿಸುತ್ತಿದ್ದ ಕರಿಯಕ್ಕನಿಗೆ ಕಸಬರಿಗೆ, ಬೆಲ್ಟು ನೋಡುತ್ತಿದ್ದ ಬೊಮ್ಮಲಿಂಗಪ್ಪನಿಗೆ ಸ್ಟೂಲು.

ಕಿವಿ ಎಷ್ಟು ಹೋಗಿದೆ ಎಂಬುದು ಅವನಿಗೆ ತಿಳಿದದ್ದು ಕೊರೊನಾ ಕಾಲದಲ್ಲಿ. ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡ ದಿನ ಲೋಕವೇ ಪಕ್ಕನೆ ಸುಮ್ಮನಾಯಿತು. ಅದುವರೆಗೂ ತಾನು ಕೇಳುತ್ತಿದ್ದೇನೆ ಎಂದುಕೊಂಡಿದ್ದನ್ನು ವಾಸ್ತವವಾಗಿ ತುಟಿಗಳ ಮೇಲೆ ಓದುತ್ತಿದ್ದ. ಆಗಲೂ ಅವನು ಆಡಿದ್ದು ಒಂದು ಅಭಿಪ್ರಾಯವನ್ನೇ: "ಜನಗಳ ಬಾಯಿ ಮುಚ್ಚಿಸೋದು ಸಮಾಜಕ್ಕೆ ಒಳ್ಳೇದಲ್ಲ."

ಲಿಫ್ಟಿನಲ್ಲಿ ಅವನು ತನ್ನದೇ ಉಪಾಯಗಳನ್ನು ಕಟ್ಟಿಕೊಂಡಿದ್ದ. "ಬಾಯಿ ಬೇಡ, ಬೆರಳು ತೋರ್ಸಿ," ಎಂದು ಹತ್ತಿದವರಿಗೆಲ್ಲ ತಮಾಷೆಯಾಗಿ ಹೇಳುತ್ತಿದ್ದ. ಅವರು ಬೆರಳೆತ್ತಿ ಮಹಡಿ ತೋರಿಸುತ್ತಿದ್ದರು. ಬಾಗಿಲು ಮುಚ್ಚುವ ಮೊದಲೇ ಮಾತು ಶುರು ಮಾಡಿ, ತೆರೆಯುವವರೆಗೂ ಬಿಡುತ್ತಿರಲಿಲ್ಲ. ತಾನು ಮಾತನಾಡುತ್ತಿರುವಷ್ಟು ಹೊತ್ತು ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳಬೇಕಾಗಿಲ್ಲ. ಮಹಡಿ ಬಂದಾಗ "ಎರಡನೇ ಮಹಡಿ" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಲಿಫ್ಟಿನೊಳಗೆ ಮಿಷನ್ನಿನ ಹೆಣ್ಣು ದನಿಯೊಂದು ಅದನ್ನೇ ಅವನಿಗಿಂತ ಮೊದಲು ಹೇಳುತ್ತಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ.

ಮೇಲೆ ಹೋಗುತ್ತಿದ್ದ, ಕೆಳಗೆ ಬರುತ್ತಿದ್ದ. ಗೊತ್ತಾದರೆ ಸ್ಟೂಲು ಹೋಗುತ್ತದೆ ಎಂಬ ಹೆದರಿಕೆಯೊಂದು ಅವನ ಜೊತೆಗೇ ಮೇಲೆ ಕೆಳಗೆ ಓಡಾಡುತ್ತಿತ್ತು.

*

ದೀಪಿಕಾ ಜಂಬುಲಿಂಗಪ್ಪನವರ ಕಿರಿಯ ಸೊಸೆ. ಕೆಳಗಿನ ಅಂತಸ್ತಿನಲ್ಲಿ ಮೊಳಕಾಲ್ಮೂರು ಸೀರೆಗಳ ಮಳಿಗೆ ಇಟ್ಟಿದ್ದಳು. ಸೀರೆಯ ವಿಡಿಯೋಗಳನ್ನು ಯಾರೂ ನೋಡುತ್ತಿರಲಿಲ್ಲ. ಒಂದು ದಿನ ಬೇಸರಕ್ಕೆ ಲಿಫ್ಟಿನೊಳಗೆ ಫೋನ್ ಹಿಡಿದು ಬೊಮ್ಮಲಿಂಗಪ್ಪನನ್ನು ಏನೋ ಕೇಳಿದಳು, ಅವನು ಉತ್ತರಿಸಿದ, ಅದನ್ನು ಸಾವಿರಾರು ಜನ ನೋಡಿದರು. ಅಲ್ಲಿಂದ 'ಲಿಫ್ಟ್ ಮಾತು' ಎಂಬ ಹೆಸರಿನಲ್ಲಿ ವಾರಕ್ಕೊಂದು ಬರತೊಡಗಿತು. ಕೊನೆಯಲ್ಲಿ ಒಂದು ಸೀರೆಯ ಚಿತ್ರ.

ಮಂಗಳಕ್ಕ ಬೇರೆ ಕಡೆ ಹೋಗಿ ಮನೆ ಕಟ್ಟಿಸುತ್ತಾರಂತೆ, ಏನಂತೀರಿ ಎಂದು ಅವಳು ಒಮ್ಮೆ ಕೇಳಿದಳು. ಹಾಗೆಂದು ಅವನಿಗೆ ತುಟಿಗಳ ಮೇಲೆ ಕಂಡಿತು. ಅತ್ತೆಯ ವಿಷಯವನ್ನು ಸೊಸೆ ಹೀಗೆ ಬಹಿರಂಗವಾಗಿ ಕೇಳುವುದು ಸ್ವಲ್ಪ ಅತಿ ಎನಿಸಿದರೂ ಅವನು ನೇರವಾಗಿಯೇ ಹೇಳಿದ.

"ಮಂಗಳಕ್ಕ ಎಲ್ಲಿಗೂ ಹೋಗಲ್ಲ ಕಣಮ್ಮ. ಮಂಡಿ ನೋವು. ಹೋದ್ರೂ ಅಲ್ಲಿ ನೀರು ಸರಿ ಇಲ್ಲ ಅಂತ ನಾಕ್ ದಿನಕ್ಕೆ ವಾಪಸ್ ಬರ್ತಾರೆ. ಅವ್ರಿಗೆ ಈ ಊರೇ ಸರಿ."

ದೀಪಿಕಾ ನಕ್ಕು ನಕ್ಕು ಗೋಡೆಗೆ ಒರಗಿದಳು. ಆ ವಿಡಿಯೋವನ್ನು ನೋಡಿದವರ ಸಂಖ್ಯೆ ಚಳ್ಳಕೆರೆಯ ಜನಸಂಖ್ಯೆಯನ್ನೂ ಮೀರಿತು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು ಬೆನ್ನು ತಟ್ಟಿದರು. ತನ್ನ ಮಾತಿಗೆ ಇಷ್ಟು ತೂಕವಿದೆ ಎಂದು ಅವನು ತಿಳಿದಿರಲಿಲ್ಲ. ಫೋನಿನಲ್ಲಿ ತನ್ನ ಮುಖವನ್ನು ಮತ್ತೆ ಮತ್ತೆ ನೋಡಿದ. ಮುಖದ ಕೆಳಗೆ ಸಣ್ಣ ಅಕ್ಷರಗಳು ಹಾದುಹೋಗುತ್ತಿದ್ದವು, ಅವನ್ನು ಓದಲು ಕನ್ನಡಕ ಬೇಕಿತ್ತು. ಅವನು ಹಾಕಿಕೊಳ್ಳಲಿಲ್ಲ.

ಇನ್ನೊಮ್ಮೆ ದೀಪಿಕಾ ತನ್ನ ಕಿವಿಯನ್ನು ಮುಟ್ಟಿ ತೋರಿಸಿಯೇ ಕೇಳಿದಳು. ಕಿವಿ ಮಿಷನ್ನಿನ ಬಗ್ಗೆ ಎಂಬುದು ಸ್ಪಷ್ಟವಿತ್ತು. ಬೊಮ್ಮಲಿಂಗಪ್ಪ ಅವಳನ್ನೇ ದಿಟ್ಟಿಸಿದ. ಗೊತ್ತಾಗಿದೆಯೇ? ಅವಳ ಮುಖದಲ್ಲಿ ಬರೀ ನಗುವಿತ್ತು. ಅವನು ಎದೆ ಸೆಟೆಸಿ, "ಕಿವಿಯೊಳಗೆ ಮಿಷನ್ ಇಟ್ಕೊಂಡೋನು ಮಿಷನ್ ಹೇಳಿದ್ದು ಕೇಳಬೇಕಾಗ್ತೈತೆ, ಹೆಂಡ್ತಿ ಹೇಳಿದ್ದಲ್ಲ. ನನಗ್ಯಾವನಾದ್ರೂ ಬಿಟ್ಟಿ ಕೊಟ್ರೂ ಬೇಡ," ಎಂದುಬಿಟ್ಟ. ಅದಕ್ಕೂ ಜನ ಮೆಚ್ಚಿದರು.

ಮನೆಯಲ್ಲಿ ಹೆಂಡತಿ ಯರ್ರಮ್ಮ ಮೆಚ್ಚಲಿಲ್ಲ. ಅವಳು ಅಡುಗೆ ಮನೆಯಿಂದ ಕೂಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬೇಕಾದಾಗ ಎದುರಿಗೆ ಬಂದು ನಿಂತು, ಅವನ ಮುಖ ತನ್ನ ಕಡೆ ತಿರುಗಿದ ಮೇಲೆ ಮಾತನಾಡುತ್ತಿದ್ದಳು. ಆ ದಿನವೂ ಹಾಗೆಯೇ ಬಂದು ನಿಂತಳು.

"ಬಿ.ಜಿ. ಕೆರೆಯಿಂದ ನಮ್ಮಣ್ಣ ಫೋನ್ ಮಾಡಿದ್ದ. ಗುರುವಾರ ಮೊಳಕಾಲ್ಮೂರಿನಾಗೆ ಕಿವಿ ತಪಾಸಣೆ ಐತಂತೆ. ಮಿಷನ್ನೂ ಕೊಡ್ತಾರಂತೆ. ನಿಮ್ಮ ಹೆಸರು ಬರೆಸ್ಯಾನೆ."

"ನನ್ ಹೆಸರು ಯಾಕ್ ಬರೆಸ್ದ? ನಾನು ಏನ್ ಹೇಳೀನಿ ಅಂತ ಊರೆಲ್ಲ ನೋಡೈತೆ."

"ಊರು ನೋಡ್ಕೊಂಡು ನಗ್ತೈತೆ. ನಾನು ಒಂದು ಮಾತಿಗೆ ಮೂರು ಸಲ ಎದ್ದು ಬರ್ಬೇಕು."

"ನಿನಗೆ ಮೆತ್ತಗೆ ಮಾತಾಡೋ ಚಟ. ಮೊಬೈಲ್ ಬಂದ ಮ್ಯಾಲೆ ಎಲ್ರಿಗೂ ಅದೇ ಆಗೈತೆ," ಎಂದ ಬೊಮ್ಮಲಿಂಗಪ್ಪ.

ಯರ್ರಮ್ಮ ಬೆನ್ನು ತಿರುಗಿಸಿಕೊಂಡು ಒಳಗೆ ಹೋದಳು. ಹೋಗುತ್ತಾ ಏನೋ ಅಂದಿರಬೇಕು, ಅವಳ ಹೆಗಲು ಅಲ್ಲಾಡುತ್ತಿತ್ತು. ಬೆನ್ನು ಮಾಡಿ ಆಡಿದ ಮಾತು ಅವನ ಪಾಲಿಗೆ ಆಡದ ಮಾತೇ.

*

ಮಂಗಳವಾರ ಮಧ್ಯಾಹ್ನ ಕರಿಯಕ್ಕ ಬಕೆಟ್ಟು, ಕಸಬರಿಗೆ ಹಿಡಿದು ಲಿಫ್ಟು ಹತ್ತಿದಳು. ಎರಡನೆಯ ಮಹಡಿಯ ಟ್ಯೂಷನ್ ಸೆಂಟರಿನಲ್ಲಿ ಯಾರೋ ಚಹಾ ಚೆಲ್ಲಿದ್ದರು. ಮೊದಲನೆಯ ಮಹಡಿ ದಾಟಿದ ಮೇಲೆ ಲಿಫ್ಟು ಒಮ್ಮೆ ಕುಲುಕಿ ನಿಂತಿತು. ದೀಪ ಆರಿತು, ಪಂಖ ನಿಂತಿತು. ಕರೆಂಟು ಹೋಗಿತ್ತು. ಜನರೇಟರ್ ಹೊತ್ತಿಕೊಳ್ಳಬೇಕಿತ್ತು, ಹೊತ್ತಿಕೊಳ್ಳಲಿಲ್ಲ.

ಬೊಮ್ಮಲಿಂಗಪ್ಪ ಕತ್ತಲೆಯಲ್ಲಿ ಬಾಗಿಲನ್ನು ತಡವಿ, ಬಲ ಹಾಕಿ ಎಳೆದ. ಅದು ಸರಿದಾಗ ಕೈಗೆ ಸಿಕ್ಕಿದ್ದು ಬರೀ ಗೋಡೆ. ಒರಟು ಸಿಮೆಂಟು. ಮಿಲ್ಲಿನ ಕಾಲದಲ್ಲಿ ಇದೇ ಜಾಗದಲ್ಲಿ ಹಿಂಡಿಯ ಚೀಲಗಳನ್ನು ಒಟ್ಟುತ್ತಿದ್ದರು ಎಂಬ ನೆನಪು ಕಾರಣವಿಲ್ಲದೆ ಬಂತು. ಅವನು ಸ್ಟೂಲನ್ನು ಹುಡುಕಿ ಕುಳಿತ. ಕುಳಿತ ಮೇಲೆ ಮಾತು ಶುರು ಮಾಡಿದ.

"ಹೆದರಬ್ಯಾಡ ಕರಿಯಕ್ಕ. ಗಾಳಿ ಬರ್ತೈತೆ. ಈ ಕಂಪ್ಯೂಟರ್ ಕಾಲದಾಗೆ ಕರೆಂಟ್ ಯಾಕ್ ಹೋಗ್ತೈತೆ ಗೊತ್ತಾ? ಎಲ್ಲಾನೂ ಚಿಕ್ಕದು ಮಾಡಿದ್ರಲ್ಲ, ತಂತೀನೂ ಚಿಕ್ಕದು ಮಾಡಿದ್ರು..."

ಅವಳು ಉತ್ತರಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕತ್ತಲೆಯಲ್ಲಿ ತುಟಿಗಳಿರಲಿಲ್ಲ. ಅವನು ಮಾತು ನಿಲ್ಲಿಸಿದ. ನಿಲ್ಲಿಸಿದೊಡನೆ ಗೋಡೆಗಳು ಇನ್ನಷ್ಟು ಹತ್ತಿರ ಬಂದಂತೆನಿಸಿ ಮತ್ತೆ ಶುರು ಮಾಡಿದ. ಬೆವರು ಕತ್ತಿನಿಂದ ಬೆನ್ನಿಗಿಳಿಯಿತು.

ಗುಂಡಿಗಳ ಪಕ್ಕದ ಫೋನಿನ ಮೇಲೆ ಕೆಂಪು ದೀಪವೊಂದು ಹೊತ್ತಿ ಆರುತ್ತಿತ್ತು. ಅಪಾಯವಿರಬೇಕೆಂದು ಅವನು ಅದರಿಂದ ದೂರ ಸರಿದು ಕುಳಿತ. ಕೆಳಗೆ ದೀಪಿಕಾ ಬಹಳ ಹೊತ್ತಿನಿಂದ ಕರೆ ಮಾಡುತ್ತಲೇ ಇದ್ದಳು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಅದರ ಮುಂದೆ ಎರಡು ಜೀವಗಳು ಏನೂ ಕೇಳಿಸದೆ ಕುಳಿತಿದ್ದವು. ಕರಿಯಕ್ಕನ ಕಿವಿಯೂ ಅದೇ ಮಿಲ್ಲಿನದು. ಅವಳು ಮಾತ್ರ ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಆಗ ಕರಿಯಕ್ಕನ ಮಡಿಲಲ್ಲಿ ಬೆಳಕೊಂದು ಹೊತ್ತಿತು, ಗುಂಡಿಗಳಿರುವ ಅವಳ ಸಣ್ಣ ಫೋನಿನ ಟಾರ್ಚು. ಅದನ್ನು ಗೋಡೆಗಾಗಲಿ ಬಾಗಿಲಿಗಾಗಲಿ ಬಿಡುತ್ತಾಳೆಂದು ಅವನು ನಿರೀಕ್ಷಿಸಿದ. ಅವಳು ಅದನ್ನು ತಿರುಗಿಸಿ ತನ್ನ ಬಾಯಿಗೇ ಹಿಡಿದುಕೊಂಡಳು. ಎಲೆಯಡಿಕೆಯಿಂದ ಕೆಂಪಾದ ಹಲ್ಲುಗಳು, ಸುಕ್ಕುಗಟ್ಟಿದ ತುಟಿಗಳು ಕತ್ತಲೆಯ ನಡುವೆ ಬೆಳಗಿದವು.

"ಈಗ ಕೇಳ್ತೈತಾ?" ಎಂದವು ತುಟಿಗಳು.

ಬೊಮ್ಮಲಿಂಗಪ್ಪ ಅವಳ ಹತ್ತಿರಕ್ಕೆ ಬಗ್ಗಿದ, ಬೆಳಕಿನ ಅಂಚು ಅವನ ತುಟಿಗಳಿಗೂ ತಾಗಿತು. ಬಾಯಿಗೆ ಬೆಳಕು ಹಿಡಿಯಬೇಕೆಂದು ತಿಳಿದವಳಿಗೆ ಎಲ್ಲವೂ ತಿಳಿದಿರಲೇಬೇಕು.

"ನಿನಗೆ ಯಾವಾಗಿಂದ ಗೊತ್ತು?"

"ಯಾರಿಗ್ ಗೊತ್ತಿಲ್ಲ ಹೇಳು. ಮೇಲಿನ ಟ್ಯೂಷನ್ ಹುಡುಗ್ರು ನಿನ್ ಹಿಂದೆ ನಿಂತು ನಾಯಿ ಹಂಗೆ ಬೊಗಳ್ತಾವೆ, ನೀನು ತಿರುಗಿ ನೋಡ್ತೀಯೇನು?"

"ಸಾವ್ಕಾರ್ರಿಗೆ?"

ಕರಿಯಕ್ಕ ಟಾರ್ಚನ್ನು ಇನ್ನೂ ಹತ್ತಿರಕ್ಕೆ ತಂದುಕೊಂಡಳು.

"ಅವ್ರಿಗೆ ಗೊತ್ತಿರೋದಕ್ಕೇ ಕಣೋ ನಿನ್ ಸ್ಟೂಲು ಉಳಿದಿರೋದು. ಆ ಮಂಗಳಕ್ಕನ ಮಾತು ಐತಲ್ಲ. ದೀಪಮ್ಮ ಕೇಳಿದ್ದು ಅವ್ರ ಅತ್ತೆ ಸುದ್ದಿ ಅಲ್ಲ. ಮಂಗಳ ಗ್ರಹ. ಆಕಾಶದಾಗಿರೋದು. ಮನುಷ್ಯರು ಮಂಗಳಕ್ಕೆ ಹೋಗಿ ಮನೆ ಕಟ್ತಾರಂತೆ ಅಂತ ಆಕೆ ಕೇಳ್ತು. ನೀನು ಮಂಗಳಕ್ಕನ ಮಂಡಿ ನೋವು ಹೇಳ್ದೆ."

"ಸುಳ್ಳು."

"ನನ್ ಮೊಮ್ಮಗಳು ಕೆಳಗಿನ ಅಕ್ಷರ ಓದಿ ಹೇಳಿದ್ಲು. ಆಕೆ ಕೇಳಿದ್ದು ಒಂದು ಸಾಲಿನಾಗೆ, ನೀನು ಹೇಳಿದ್ದು ಇನ್ನೊಂದು ಸಾಲಿನಾಗೆ ಬರೆದಿರ್ತಾರೆ. ರೋಬೋ ಅಂದ್ರೆ ಮನುಷ್ಯನ ಹಂಗೆ ಕೆಲ್ಸ ಮಾಡೋ ಮಿಷನ್ನಂತೆ. ಆಕೆ ಅದನ್ನ ಕೇಳಿದ್ರೆ ನೀನು ರುಬ್ಬೋ ಗುಂಡಿನ ಪುರಾಣ ಹೇಳ್ದೆ. ಜನ ನಗೋದು ಅದಕ್ಕೆ."

"ದೀಪಮ್ಮ ನನಗೆ ಹೇಳಬೋದಿತ್ತಲ್ಲ."

"ಹೇಳಿದ್ರೆ ನೀನು ಸರಿಯಾಗಿ ಉತ್ತರ ಕೊಡ್ತೀಯ. ಸರಿ ಉತ್ತರ ಯಾರಿಗ್ ಬೇಕು?"

ಅವಳ ಮುಖದಲ್ಲಿ ಕೇಡಿರಲಿಲ್ಲ. ಹಿಂದೆ ಶೇಂಗಾದ ರಾಶಿಯಿಂದ ಕಲ್ಲು ಹೆಕ್ಕಿ ಬದಿಗಿಡುವಾಗ ಇರುತ್ತಿದ್ದ ಮುಖವೇ ಈಗಲೂ ಇತ್ತು. ಬೊಮ್ಮಲಿಂಗಪ್ಪನಿಗೆ ಒಂದೊಂದಾಗಿ ನೆನಪಾಗತೊಡಗಿತು. ದೀಪಿಕಾ ಗೋಡೆಗೆ ಒರಗಿ ನಕ್ಕದ್ದು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ತಟ್ಟಿದವರು, ತಟ್ಟುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಕಿವಿ ಕೇಳುವುದಿಲ್ಲವೆಂದು ಗೊತ್ತಾದರೆ ಸ್ಟೂಲು ಹೋದೀತೆಂದು ಅವನು ಇಷ್ಟು ಕಾಲ ಹೆದರಿದ್ದ. ಈಗ ನೋಡಿದರೆ ಕಿವಿ ಕೇಳಿಸಿದರೆ ಸ್ಟೂಲು ಹೋಗುತ್ತದೆ. ಎರಡು ಮಹಡಿಗಳ ನಡುವೆ ನಿಂತ ಈ ಪೆಟ್ಟಿಗೆಯಲ್ಲಿ ಮೇಲಕ್ಕೂ ಬಾಗಿಲಿಲ್ಲ, ಕೆಳಕ್ಕೂ ಇಲ್ಲ.

"ಟಾರ್ಚ್ ಆರ್ಸು," ಎಂದ.

ಅವಳು ಆರಿಸಿದಳು. ಕತ್ತಲೆಯಲ್ಲಿ ಅವನಿಗೆ ಯಾರಿಂದಲೂ ಏನನ್ನೂ ಹೇಳಲಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಅವನಿಗೆ ಬೇಕಾಗಿದ್ದುದೂ ಅದೇ.

*

ಹೊರಗೆ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಮೆಕ್ಯಾನಿಕ್ ದಾವಣಗೆರೆ ಕಡೆಯವನು, ಅಚ್ಚ ಕನ್ನಡದ ಮನುಷ್ಯ. ಅವನು ಮೇಲಿನ ಮಿಷನ್ ಕೋಣೆಗೆ ಹತ್ತಿ, ಬ್ರೇಕು ಸಡಿಲಿಸಿ ಲಿಫ್ಟನ್ನು ಮೊದಲನೆಯ ಮಹಡಿಗೆ ಇಳಿಸಬೇಕು. ಅಲ್ಲಿಂದ ಅವನಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಮೊದಲನೆಯ ಮಹಡಿಯ ಬಾಗಿಲು ತೆರೆದು ವಾಚ್‌ಮನ್ ಎರ್ರಿಸ್ವಾಮಿಯನ್ನು ನಿಲ್ಲಿಸಿದರು. ಲಿಫ್ಟು ನೆಲದ ಮಟ್ಟಕ್ಕೆ ಬಂದೊಡನೆ ಕೂಗಬೇಕೆಂದು ಹೇಳಿದರು. ಹೇಗೆ ಕೂಗಬೇಕೆಂದು ಯಾರೂ ಹೇಳಲಿಲ್ಲ.

ಎರ್ರಿಸ್ವಾಮಿ ಮೊಳಕಾಲ್ಮೂರಿನಿಂದಾಚೆ, ಗಡಿಯಂಚಿನ ಊರಿನವನು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಗಾಬರಿಯಾದರೆ ಎರಡೂ ಒಂದೇ.

ಒಳಗಿದ್ದ ಬೊಮ್ಮಲಿಂಗಪ್ಪನಿಗೆ ಮೊದಲು ನೆಲ ಅದುರಿದ್ದು ಪಾದದಿಂದ ತಿಳಿಯಿತು. ಗೋಡೆ ನಿಧಾನವಾಗಿ ಮೇಲೇರಿತು. ಕೆಳಗಿನಿಂದ ಒಂದು ಬೆಳಕಿನ ಪಟ್ಟಿ ಹುಟ್ಟಿ ಅಗಲವಾಯಿತು. ಅದರಲ್ಲಿ ಎರ್ರಿಸ್ವಾಮಿಯ ಕೂದಲು, ಹಣೆ, ಆಮೇಲೆ ಅಗಲವಾಗಿ ತೆರೆದ ಬಾಯಿ ಕಾಣಿಸಿತು. ಆ ಬಾಯಿ ಹೇಳುತ್ತಿದ್ದುದನ್ನು ಬೊಮ್ಮಲಿಂಗಪ್ಪ ಸ್ಪಷ್ಟವಾಗಿ ಓದಿದ.

"ಚಾಲು! ಚಾಲು!"

ಎರ್ರಿಸ್ವಾಮಿಯ ಮನೆಯಲ್ಲಿ 'ಚಾಲು' ಎಂದರೆ ಸಾಕು. ಬಡಿಸುವ ಕೈಯನ್ನು ಅಡ್ಡಹಿಡಿದು ಹೇಳುವ ಮಾತು. ಅವನ ಮುಖದಲ್ಲೂ ಸಾಕು ಎಂದೇ ಬರೆದಿತ್ತು, ಎರಡೂ ಅಂಗೈಗಳು ಅಡ್ಡ ನಿಂತಿದ್ದವು. ಮೇಲಿದ್ದ ಮೆಕ್ಯಾನಿಕ್ಕಿಗೆ ಮುಖವೂ ಇಲ್ಲ, ಅಂಗೈಯೂ ಇಲ್ಲ, ಬರೀ ದನಿ. ಅವನ ಕನ್ನಡದಲ್ಲಿ ಚಾಲು ಎಂದರೆ ನಡೆಯಲಿ. ಅವನು ನಡೆಸಿದ.

ಲಿಫ್ಟು ನೆಲದ ಮಟ್ಟಕ್ಕೆ ಬಂದು, ಅಲ್ಲಿ ನಿಲ್ಲದೆ ಕೆಳಗಿಳಿಯಿತು. ಎರ್ರಿಸ್ವಾಮಿ ಮೇಲೇರತೊಡಗಿದ. ಮೊದಲು ಅವನ ಸೊಂಟ, ಆಮೇಲೆ ಮೊಣಕಾಲು, ಕೊನೆಗೆ ಬೊಮ್ಮಲಿಂಗಪ್ಪನ ಕಣ್ಣಿನ ಮಟ್ಟದಲ್ಲಿ ಅವನ ಚಪ್ಪಲಿಗಳು ಕುಣಿಯುತ್ತಿದ್ದವು. ಬೊಮ್ಮಲಿಂಗಪ್ಪನ ಕೈ ತಾನಾಗಿಯೇ ಮುಷ್ಟಿ ಬಿಗಿದು ತಲೆಯ ಮೇಲೆದ್ದಿತು. ಎಷ್ಟೋ ವರ್ಷಗಳ ನಂತರ ಎದ್ದಿತು. ಅದನ್ನು ಕಾಣಬೇಕಾದವನು ಮೂರು ಅಂತಸ್ತಿನ ಮೇಲಿದ್ದ. ಚಪ್ಪಲಿಗಳೂ ಮರೆಯಾದವು. ಮತ್ತೆ ಗೋಡೆ, ಮತ್ತೆ ಕತ್ತಲೆ.

ಟಾರ್ಚು ಹೊತ್ತಿತು. ಕರಿಯಕ್ಕನ ತುಟಿಗಳು ನಗುತ್ತಿದ್ದವು.

"ನೋಡ್ದಾ? ಕಿವಿ ನೆಟ್ಟಗಿರೋರ ಹಣೆಬರಹ."

ಅವನಿಗೂ ನಗು ಬಂತು.

"ಕರಿಯಕ್ಕ, ಗುಬ್ಬಿಗಳು ಅದಾವಾ?"

"ಏನು?"

ಅವನು ಟಾರ್ಚನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಬಾಯಿಗೆ ಹಿಡಿದ.

"ಗುಬ್ಬಿ. ಟವರ್ ಬಂದು ಸತ್ತವಲ್ಲ, ಅವು ಅದಾವಾ?"

"ನನ್ನ ಕೇಳ್ತೀಯಲ್ಲೋ. ನನಗೂ ಕೇಳಲ್ಲ. ಕಣ್ಣಿಗೆ ಕಾಣ್ತಾವಪ್ಪ. ದಿನಾ ಮೂರನೇ ಮಹಡಿ ಕಿಟಕಿ ಮ್ಯಾಲಿನ ಅವುಗಳ ಹಿಕ್ಕೆ ತೊಳೆದು ತೊಳೆದು ಸಾಕಾಗೈತೆ."

*

ಎರಡನೆಯ ಸಲ ಬಾಗಿಲಲ್ಲಿ ಜಂಬುಲಿಂಗಪ್ಪನವರೇ ನಿಂತು ಕೂಗಿಸಿದರು. ಲಿಫ್ಟು ಸರಿಯಾಗಿ ನಿಂತಿತು. ಹೊರಗೆ ಜನ ಸೇರಿದ್ದರು. ಅಷ್ಟೊಂದು ಬಾಯಿಗಳು ಒಟ್ಟಿಗೆ ಅಲ್ಲಾಡುವಾಗ ಬೊಮ್ಮಲಿಂಗಪ್ಪನಿಗೆ ಯಾವುದನ್ನೂ ಓದಲಾಗಲಿಲ್ಲ. ಯಾರೋ ನೀರು ಕೊಟ್ಟರು. ದೀಪಿಕಾ ಮುಂದೆ ಬಂದು ಅವನ ತೋಳು ಹಿಡಿದು ನೋಡಿದಳು. ಕಣ್ಣಲ್ಲಿ ನಿಜವಾದ ಆತಂಕವಿತ್ತು. ಅವನಿಗೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅವಳ ಇನ್ನೊಂದು ಕೈ ಫೋನನ್ನು ಎತ್ತಿತು. ತುಟಿಗಳು ಬೇಗ ಬೇಗ ಅಲ್ಲಾಡಿ ನಿಂತವು. ಪ್ರಶ್ನೆ ಮುಗಿದಿತ್ತು. ಎಲ್ಲರೂ ಅವನ ಮುಖ ನೋಡಿದರು.

ಏನನ್ನಾದರೂ ಹೇಳಬಹುದಿತ್ತು. ಗಾಳಿ ಪಂಖವಿತ್ತು, ಕುಕ್ಕರಿತ್ತು, ಟವರಿತ್ತು. ಅವನು ನೀರಿನ ಲೋಟವನ್ನು ಕೆಳಗಿಟ್ಟು ಹೇಳಿದ:

"ನನಗೆ ಕಿವಿ ಕೇಳಲ್ಲ ದೀಪಮ್ಮ."

ಜನ ಕೈ ಕೈ ಬಡಿಯತೊಡಗಿದರು. ಚಪ್ಪಾಳೆ. ಜಂಬುಲಿಂಗಪ್ಪನವರು ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಎರ್ರಿಸ್ವಾಮಿ ಕೂಡ ತನ್ನ ಅವಮಾನ ಮರೆತು ನಗುತ್ತಿದ್ದ. ಬೊಮ್ಮಲಿಂಗಪ್ಪ ಮತ್ತೊಮ್ಮೆ ಹೇಳಿದ, ಸ್ವಲ್ಪ ಗಟ್ಟಿಯಾಗಿ. ಚಪ್ಪಾಳೆಯ ಕೈಗಳು ಇನ್ನೂ ಜೋರಾದವು.

ಮಾರನೆಯ ದಿನ ಅವನು ಕನ್ನಡಕ ಹಾಕಿಕೊಂಡು ವಿಡಿಯೋ ನೋಡಿದ. ಸಣ್ಣ ಅಕ್ಷರಗಳು ಮೊದಲ ಸಲ ಸ್ಪಷ್ಟವಾಗಿ ಹಾದುಹೋದವು. ದೀಪಿಕಾ ಕೇಳಿದ್ದು: 'ಬೊಮ್ಮಣ್ಣ, ವಿಡಿಯೋ ನೋಡಿ ಬೈಯೋರಿಗೆ ಏನು ಹೇಳ್ತೀರಿ?' ಅದರ ಕೆಳಗೆ ಅವನ ಉತ್ತರ: 'ನನಗೆ ಕಿವಿ ಕೇಳಲ್ಲ.' ಎಷ್ಟು ದೊಡ್ಡ ಮಾತು ಎಂದು ಜನ ಬರೆದಿದ್ದರು. ಈ ಕಾಲಕ್ಕೆ ಬೇಕಾದ ಬುದ್ಧಿ ಇದೇ ಎಂದು ಯಾವುದೋ ಊರಿನ ಮೇಷ್ಟ್ರು ಬರೆದಿದ್ದರು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಂಡವರು ಒಬ್ಬರೂ ಇರಲಿಲ್ಲ.

ಆ ಸಂಜೆ ಯರ್ರಮ್ಮ ಎದುರಿಗೆ ಬಂದು ನಿಲ್ಲುವ ಮೊದಲೇ ಅವನು ಕೇಳಿದ. "ನಮ್ ಮನೆ ಹತ್ರ ಗುಬ್ಬಿ ಅದಾವಾ?"

ಅವಳು ಅವನನ್ನು ಒಂದು ಸಲ ದಿಟ್ಟಿಸಿ ನೋಡಿ, ಕೈಯಲ್ಲಿದ್ದ ಸೌಟಿನಿಂದ ಮೀಟರ್ ಬೋರ್ಡಿನ ಮೇಲ್ಭಾಗವನ್ನು ತೋರಿಸಿದಳು. ಅಲ್ಲಿ ಹುಲ್ಲು ನೇತಾಡುತ್ತಿದ್ದುದನ್ನು ಅವನು ದಿನವೂ ಕಂಡಿದ್ದ. ಹಳೆಯ, ಬಿಟ್ಟುಹೋದ ಗೂಡೆಂದುಕೊಂಡಿದ್ದ. ಈಗ ಹುಲ್ಲಿನ ನಡುವೆ ಮೂರು ಮರಿಗಳ ಬಾಯಿಗಳು ಅಗಲವಾಗಿ ತೆರೆದು ಮುಚ್ಚುತ್ತಿದ್ದವು. ಸದ್ದಿಲ್ಲದೆ.

"ಕೂಗ್ತಾವಾ?" ಎಂದ.

"ಬೆಳಗಿನಿಂದ ಒಂದೇ ಸಮ. ತಲೆ ಚಿಟ್ ಹಿಡಿದೈತೆ," ಎಂದಳು ಯರ್ರಮ್ಮ. ಸೌಟನ್ನು ಕೆಳಗಿಟ್ಟು, "ನಾಳೆ ಹನ್ನೊಂದರ ಬಸ್ಸಿಗೆ ನಾನು ಹೋಗ್ತೀನಿ. ಪಕ್ಕದಾಗೆ ಟವಲ್ ಹಾಕಿರ್ತೀನಿ. ಬಂದ್ರೆ ಬನ್ನಿ, ಬರದಿದ್ರೆ ನಮ್ಮಣ್ಣನ ಮನೆಗೆ ಹೋಗಿ ಬರ್ತೀನಿ," ಎಂದಳು.

*

ಗುರುವಾರ ಮೂರನೆಯ ಮಹಡಿಯ ಹಾಲಿನಲ್ಲಿ ಸಾವ್ಕಾರ್ರ ಮನೆಯದೇ ಒಂದು ನಿಶ್ಚಿತಾರ್ಥವಿತ್ತು. ರಜೆ ಕೇಳಿದ್ದಕ್ಕೆ ಜಂಬುಲಿಂಗಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿ, ಮುಖವನ್ನು ಅವನಿಗೆ ನೇರ ಮಾಡಿ, ನಿಧಾನವಾಗಿ ತುಟಿ ಬಿಡಿಸಿ ಹೇಳಿದರು. ಅವರು ಯಾವಾಗಲೂ ಹೀಗೆಯೇ ಮಾತನಾಡುತ್ತಿದ್ದರೆಂಬುದು ಇವತ್ತು ಅವನ ಗಮನಕ್ಕೆ ಬಂತು.

"ಲೇ ಬೊಮ್ಮಲಿಂಗ, ಬೀಗರು ನಿನ್ನ ನೋಡ್ಬೇಕು ಅಂತ ಕಾಯ್ತಾವ್ರೆ. ಇವತ್ತೊಂದಿನ ಬಿಟ್ಟು ಹೋಗ್ಬ್ಯಾಡ. ಮಿಷನ್ ಗಿಷನ್ ಎಲ್ಲ ನಿನಗ್ಯಾಕಲೇ? ನಾನಿಲ್ವಾ? ನೀನು ಹಿಂಗೇ ಇರು. ಹಿಂಗಿದ್ರೇ ಚಂದ."

ಮಾತಿನಲ್ಲಿ ಮಮತೆಯಿತ್ತು. ಅದೇ ಕಷ್ಟವಾಗಿತ್ತು. ಬೊಮ್ಮಲಿಂಗಪ್ಪ ಸ್ಟೂಲಿನ ಮೇಲೆ ಕುಳಿತ.

ರೇಷ್ಮೆ ಸೀರೆಗಳು, ಅತ್ತರಿನ ವಾಸನೆ, ಹಣ್ಣಿನ ಬುಟ್ಟಿಗಳು. ಹತ್ತಿದವರೆಲ್ಲ ಅವನ ಮುಖಕ್ಕೆ ಫೋನ್ ಹಿಡಿದರು. "ಆ ಮಾತು ಹೇಳ್ರಿ, ಆ ಮಾತು," ಎನ್ನುತ್ತಿದ್ದವು ತುಟಿಗಳು. ಅವನು ಹೇಳಿದ. ಮೇಲೆ ಹೋದ, ಇಳಿದ. ಹೇಳಿದ. ನಕ್ಕರು. ನಿಜವನ್ನು ಇಷ್ಟು ಸಲ ಹೇಳಿದರೂ ಅದು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಪಂಖದ ಗಾಳಿ ಬರುತ್ತಿತ್ತು, ದೀಪವಿತ್ತು, ಲಿಫ್ಟು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಮಂಗಳವಾರದ ಒರಟು ಗೋಡೆಯನ್ನು ಅವನ ಅಂಗೈ ಮತ್ತೆ ಮತ್ತೆ ಮುಟ್ಟುತ್ತಿತ್ತು.

ಕೆಳಗಿನ ಅಂತಸ್ತಿನಲ್ಲಿ ಬಾಗಿಲು ತೆರೆದಾಗ ಗೋಡೆಯ ಗಡಿಯಾರ ಕಂಡಿತು. ಹನ್ನೊಂದಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಎದುರಿಗೆ ಜಂಬುಲಿಂಗಪ್ಪನವರು ಬೀಗರನ್ನು ಹತ್ತಿಸುತ್ತಿದ್ದರು. ಅವರಿಂದಾಚೆ ಕರಿಯಕ್ಕ ಹೂವಿನ ಎಸಳುಗಳನ್ನು ಗುಡಿಸುತ್ತಿದ್ದಳು. ಬೊಮ್ಮಲಿಂಗಪ್ಪ ಸ್ಟೂಲಿನಿಂದ ಎದ್ದು, ಮುಷ್ಟಿ ಬಿಗಿದು ತಲೆಯ ಮೇಲೆ ಎತ್ತಿದ.

ಜಂಬುಲಿಂಗಪ್ಪನವರು ಅದನ್ನು ನೋಡಿದರು. ಮಿಲ್ಲಿನ ಸಾವ್ಕಾರ್ರಾಗಿದ್ದ ಅಷ್ಟು ವರ್ಷಗಳಲ್ಲಿ ಅವರು ಕೆಲಸಗಾರರ ಕೈಮಾತನ್ನು ಕಲಿತಿರಲಿಲ್ಲ. ಜೈಕಾರವೆಂದು ತಿಳಿದು, ತಾವೂ ನಗುತ್ತಾ ಮುಷ್ಟಿ ಎತ್ತಿ ತೋರಿಸಿದರು. ಬೀಗರೂ ಎತ್ತಿದರು. ಬಾಗಿಲು ಮುಚ್ಚತೊಡಗಿತು.

ಮುಚ್ಚುತ್ತಿದ್ದ ಬಾಗಿಲಿನ ಸಂದಿಗೆ ಒಂದು ಕಸಬರಿಗೆ ಬಂದು ಸಿಕ್ಕಿಕೊಂಡಿತು. ಬಾಗಿಲು ಹಿಂಜರಿದು ಮತ್ತೆ ತೆರೆಯಿತು. ಕರಿಯಕ್ಕ ಏಕೆ ಎಂದು ಕೇಳಲಿಲ್ಲ. ಮುಷ್ಟಿ ಕಂಡಿದ್ದಳು, ನಿಲ್ಲಿಸಿದ್ದಳು.

ಬೊಮ್ಮಲಿಂಗಪ್ಪ ರೇಷ್ಮೆ ಸೀರೆಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದ.

"ನೀನೂ ಬಾ ಕರಿಯಕ್ಕ. ಮಿಷನ್ ಕೊಡ್ತಾರಂತೆ," ಎಂದ ಅವಳ ಎದುರಿಗೆ ನಿಂತು.

"ಹೋಗೋ ಮಾರಾಯ. ನನ್ ಸೊಸೆ ಬಾಯಿ ನಿನಗೆ ಗೊತ್ತಿಲ್ಲ. ದೇವ್ರು ಕೊಟ್ಟ ಸುಖ ಇದು, ನಾನ್ ಕಳ್ಕೊಳಲ್ಲ," ಎಂದು ಕರಿಯಕ್ಕ ಕಸಬರಿಗೆಯನ್ನು ಬಿಡಿಸಿಕೊಂಡಳು.

ಅವನು ಮೆಟ್ಟಿಲಿಳಿದು ರಸ್ತೆಗೆ ಬಂದ. ಜಂಬುಲಿಂಗಪ್ಪನವರು ಹಿಂದಿನಿಂದ ಕೂಗಿದರಂತೆ, ಒಂದಲ್ಲ, ಹಲವು ಸಲ. ಬೊಮ್ಮಲಿಂಗಪ್ಪನಿಗೆ ಕೇಳಿಸಲಿಲ್ಲ. ಲಿಫ್ಟು ಸ್ಟೂಲನ್ನು ಹೊತ್ತುಕೊಂಡು ಅವನಿಲ್ಲದೆ ಮೇಲೆ ಹೋಯಿತು.

ಮೊಳಕಾಲ್ಮೂರಿನ ಬಸ್ಸು ಹೊರಡುವುದರಲ್ಲಿತ್ತು. ಯರ್ರಮ್ಮ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಟವಲಿತ್ತು. ಅವನು ಟವಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕುಳಿತ. ಅವಳು ತಿರುಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಏನೋ ಹೇಳಿದಳು. ಕೆನ್ನೆ ಅಲ್ಲಾಡಿದ್ದು ಅವನಿಗೆ ಕಂಡಿತು.

ಬೇರೆ ದಿನವಾಗಿದ್ದರೆ ಅವನು ಬಸ್ಸುಗಳ ಬಗ್ಗೆ ಏನಾದರೂ ಒಂದು ಅಭಿಪ್ರಾಯ ಹೇಳುತ್ತಿದ್ದ. ಇವತ್ತು ಅವಳ ಹೆಗಲು ಮುಟ್ಟಿದ.

"ಈ ಕಡೆ ತಿರುಗಿ ಹೇಳು. ಕೇಳಿಸ್ಲಿಲ್ಲ."